ಮನೆಯಲ್ಲಿ ಯಾರೋ ತಪ್ಪು ಮಾಡಿದ್ದರು

ದೇವರಿದ್ದಾನೋ ಇಲ್ಲವೋ ಎಂದು ಯಾರಾದರೂ ಕೇಳಿದರೆ ನನಗೆ ಸಿಟ್ಟು ಬರುತ್ತದೆ. ಕೇಳುವವರು ಸಾಮಾನ್ಯವಾಗಿ ಹೊಟ್ಟೆ ತುಂಬ ಉಂಡು, ಎಲೆಅಡಿಕೆ ಹಾಕಿಕೊಂಡು ಕುಳಿತವರು. ಇದ್ದಾನೆ ಎಂದರೆ ಒಂದು ನಮೂನೆ ನಗುತ್ತಾರೆ, ಇಲ್ಲ ಎಂದರೆ ಇನ್ನೊಂದು ನಮೂನೆ. ನನಗೆ ದೇವರ ಜೊತೆ ತಕರಾರು ಶುರುವಾದದ್ದು ಎಂಟನೆಯ ವಯಸ್ಸಿನಲ್ಲಿ. ಅವನು ಇದ್ದಾನೆ ಎಂಬುದರಲ್ಲಿ ಆಗ ನನಗೆ ಎಳ್ಳಷ್ಟೂ ಸಂಶಯವಿರಲಿಲ್ಲ. ಎಲ್ಲವನ್ನೂ ಮಾಡಬಲ್ಲವನು ನನ್ನ ತಮ್ಮನಿಗೆ ಹಾಗೇಕೆ ಮಾಡಿದ ಎಂಬುದಷ್ಟೇ ಪ್ರಶ್ನೆಯಾಗಿತ್ತು.

ನಮ್ಮೂರು ಹಾನಗಲ್ಲ ತಾಲ್ಲೂಕಿನದು. ಆಡೂರಿನಿಂದ ನಡೆದರೆ ಮುಕ್ಕಾಲು ತಾಸು. ಕೆರೆಯ ಕೆಳಗೆ ಭತ್ತದ ಗದ್ದೆ, ಊರ ನಡುವೆ ನಮ್ಮ ಮನೆ. ಮನೆಯಲ್ಲಿ ಅಪ್ಪ, ಅವ್ವ, ಅಪ್ಪನ ತಾಯಿಯಾದ ಆಯಿ, ಮತ್ತು ನಾನು. ನಾನು ಹುಟ್ಟಿದ ಮೇಲೆ ಏಳು ವರ್ಷ ಆ ಮನೆಯಲ್ಲಿ ತೊಟ್ಟಿಲು ಕಟ್ಟಲಿಲ್ಲ. ಐವತ್ತರ ದಶಕದ ನಡುವಿನ ಒಂದು ಮಳೆಗಾಲದಲ್ಲಿ ತಮ್ಮ ಹುಟ್ಟಿದಾಗ ಆಯಿ ಓಣಿಗೆಲ್ಲ ಸಕ್ಕರೆ ಹಂಚಿದಳು. ಅಲ್ಲಿಯವರೆಗೆ ಆಕೆ ಸಕ್ಕರೆ ಡಬ್ಬಿಯನ್ನು ನೆಲುವಿನ ಮೇಲಿಂದ ಇಳಿಸಿದ್ದನ್ನು ನಾನು ನೋಡಿಯೇ ಇರಲಿಲ್ಲ.

ನಮ್ಮದು ಲಿಂಗವಂತರ ಮನೆತನ. ಗಂಡಾಗಲಿ ಹೆಣ್ಣಾಗಲಿ, ಕೊರಳಲ್ಲಿ ಲಿಂಗವಿಲ್ಲದೆ ಇರುವಂತಿಲ್ಲ. ಜಳಕ ಮಾಡಿ, ಅಂಗೈ ಮೇಲೆ ಲಿಂಗವಿಟ್ಟು ಪೂಜಿಸದೆ ಬಾಯಿಗೆ ತುತ್ತು ಇಡುವಂತಿಲ್ಲ. ಲಿಂಗವಿಡಲು ದೊಡ್ಡವರಿಗೆ ಬೆಳ್ಳಿಯ ಕರಡಿಗೆ, ಸಣ್ಣವರಿಗೆ ಒಂದು ತುಂಡು ಬಿಳಿ ವಸ್ತ್ರ. ಅದರಲ್ಲಿ ಲಿಂಗ ಸುತ್ತಿ ದಾರದಿಂದ ಕೊರಳಿಗೆ ಕಟ್ಟುತ್ತಿದ್ದರು. ಲಿಂಗವನ್ನು ಜೋಪಾನ ಮಾಡುವುದು ಹೇಗೆಂದು ಕಲಿಸಲು ಆಯಿಯ ಹತ್ತಿರ ಒಂದೇ ಕಥೆ ಇತ್ತು. ಆಕೆಯ ಅತ್ತೆಯ ಅತ್ತೆ ಕೆರೆಯಲ್ಲಿ ಅರಿವೆ ಒಗೆಯುವಾಗ ಲಿಂಗ ನೀರಿಗೆ ಬಿತ್ತಂತೆ. ಆ ಹೆಣ್ಣುಮಗಳು ಕೆರೆಯ ದಂಡೆಯಲ್ಲೇ ಕುಳಿತು, ಅನ್ನ ನೀರು ಬಿಟ್ಟು, ಐದನೆಯ ದಿನ ಪ್ರಾಣ ಬಿಟ್ಟಳಂತೆ. ಹೇಳಿ ಮುಗಿಸಿದ ಮೇಲೆ ಆಯಿ ಪ್ರತಿ ಸಲ ಒಂದೇ ಮಾತು ಸೇರಿಸುತ್ತಿದ್ದಳು.

"ಲಿಂಗಾ ಕಳಕೊಂಡ ಮ್ಯಾಲ ಜೀವಾ ಇಟಗೊಂಡು ಏನ್ ಮಾಡೂದೈತಿ?"

ಲಿಂಗ ಕಳೆದುಹೋದರೆ ಮಠದ ಅಯ್ಯನವರ ಹತ್ತಿರ ಹೋಗಿ, ತಪ್ಪಾಯಿತೆಂದು ಹೇಳಿ, ಇನ್ನೊಂದು ಕಟ್ಟಿಸಿಕೊಂಡು ಬರುತ್ತಾರೆ. ಊರಲ್ಲಿ ನಾಲ್ಕಾರು ಮಂದಿ ಹಾಗೆ ಮಾಡಿದವರೇ ಇದ್ದರು. ಇದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ. ಎಂಟು ವರ್ಷದ ಹುಡುಗಿಗೆ ತಿಳಿದಿದ್ದು ಕೆರೆಯ ದಂಡೆ ಮತ್ತು ಐದು ದಿನ, ಅಷ್ಟೇ.

ನಾನು ಲಿಂಗ ಕಳೆದುಕೊಂಡದ್ದು ಭತ್ತದ ಬಣವೆಯಲ್ಲಿ. ಸುಗ್ಗಿ ಮುಗಿದಿತ್ತು. ಹಿತ್ತಲಲ್ಲಿ ಹೊಸ ಹುಲ್ಲಿನ ಬಣವೆ ಒಟ್ಟಿದ್ದರು. ಅದನ್ನು ಏರಿ ಜಾರಬೇಡ ಎಂದು ಅಪ್ಪ ಮುಂಜಾನೆಯಷ್ಟೇ ಬೈದಿದ್ದ, ಅದಕ್ಕೇ ಮಧ್ಯಾಹ್ನ ಏರಿದೆ. ಹತ್ತು ಸಲವೋ ಇಪ್ಪತ್ತು ಸಲವೋ ಜಾರಿದ ಮೇಲೆ ಕೊರಳು ಮುಟ್ಟಿಕೊಂಡರೆ ದಾರವಿತ್ತು, ವಸ್ತ್ರವೂ ಇತ್ತು, ಗಂಟು ಬಿಚ್ಚಿ ಒಳಗಿನದು ಹೋಗಿತ್ತು. ಸಂಜೆಯ ತನಕ ಹುಲ್ಲು ಕೆದರಿದೆ. ಮರುದಿನವೂ ಕೆದರಿದೆ. ಬಣವೆಯಲ್ಲಿ ಕಳೆದದ್ದು ಸಿಕ್ಕಿದ್ದನ್ನು ಯಾರು ನೋಡಿದ್ದಾರೆ? ದಿನಾ ಮುಂಜಾನೆ ಅಪ್ಪ ಅದೇ ಬಣವೆಯಿಂದ ಹುಲ್ಲು ಹಿರಿದು ಎತ್ತುಗಳಿಗೆ ಹಾಕುತ್ತಿದ್ದ. ಎತ್ತು ದೇವರನ್ನು ನುಂಗಿದರೆ ಪಾಪ ಎತ್ತಿಗೆ ಬರುತ್ತದೋ ನನಗೋ ಎಂದು ದನದ ಹಟ್ಟಿಯಲ್ಲಿ ನಿಂತು ಯೋಚಿಸುತ್ತಿದ್ದೆ. ನಗು ಬರುತ್ತದೆ ಈಗ. ಆಗ ಬಾಯಲ್ಲಿ ನೀರಿನ ಪಸೆ ಇರಲಿಲ್ಲ.

ಖಾಲಿ ವಸ್ತ್ರದಲ್ಲಿ ನಾನು ಒಂದು ಗಜ್ಜಗ ಕಟ್ಟಿದೆ. ಮುಳ್ಳಿನ ಬಳ್ಳಿಯಲ್ಲಿ ಬಿಡುವ, ಗೋಲಿಯಷ್ಟು ದಪ್ಪದ ಬೂದು ಬಣ್ಣದ ಬೀಜ. ಹುಡುಗಿಯರೆಲ್ಲ ಅದರಲ್ಲಿ ಆಡುತ್ತಿದ್ದೆವು. ದೀಪದ ಮಸಿಗೆ ಎಣ್ಣೆ ಕಲಸಿ ಬಳಿದೆ, ಕಪ್ಪಾಯಿತು. ದಿನಾ ಜಳಕವಾದ ಮೇಲೆ ಗೋಡೆಗೆ ಮುಖ ಮಾಡಿ ಕುಳಿತು, ಅದನ್ನು ಅಂಗೈಯಲ್ಲಿ ಮುಚ್ಚಿ ಹಿಡಿದು, ವಿಭೂತಿ ಹಚ್ಚಿ ಹೂ ಏರಿಸಿ ಕಣ್ಣು ಮುಚ್ಚುತ್ತಿದ್ದೆ. ಹುಡುಗಿಗೆ ಇತ್ತೀಚೆಗೆ ಭಕ್ತಿ ಹೆಚ್ಚಾಗಿದೆ ಎಂದು ಆಯಿ ಓಣಿಯಲ್ಲಿ ಹೇಳಿಕೊಂಡು ಬಂದಳು. ಕಳ್ಳನ ಮನಸ್ಸು ಹುಳ್ಳುಳ್ಳಗೆ ಅನ್ನುತ್ತಾರಲ್ಲ, ಆಕೆ ಹೊಗಳಿದಷ್ಟೂ ನನಗೆ ಅನ್ನ ಸೇರುತ್ತಿರಲಿಲ್ಲ. ಶಿವರಾತ್ರಿಯ ದಿನ ಆ ಗಜ್ಜಗದ ಮುಂದೆ ಇಡೀ ದಿನ ಉಪವಾಸವಿದ್ದೆ.

ಶಿವರಾತ್ರಿಯಾಗಿ ಎರಡು ದಿನಕ್ಕೆ ತಮ್ಮನಿಗೆ ಕೆಮ್ಮು ಶುರುವಾಯಿತು.

ಮೊದಲು ಸಾದಾ ಕೆಮ್ಮು ಅಂದುಕೊಂಡರು. ಆಮೇಲೆ ನಾಯಿಕೆಮ್ಮು ಎಂದು ತಿಳಿಯಿತು. ಎಂಟು ತಿಂಗಳ ಕೂಸು ಒಂದೇ ಸಮನೆ ಕೆಮ್ಮಿ ಕೆಮ್ಮಿ, ಮುಖ ಕೆಂಪಾಗಿ, ಆಮೇಲೆ ನೀಲಿಯಾಗಿ, ಕಡೆಗೆ ಕೀಂ ಎಂದು ಉಸಿರು ಎಳೆದುಕೊಳ್ಳುತ್ತಿತ್ತು. ಆ ಉಸಿರು ಬರುವ ತನಕ ಮನೆಯವರೆಲ್ಲ ಉಸಿರು ಹಿಡಿದು ನಿಲ್ಲುತ್ತಿದ್ದೆವು. ಹಾನಗಲ್ಲಿಗೆ ಚಕ್ಕಡಿಯಲ್ಲಿ ಹೋಗಿ ಡಾಕ್ಟರಿಂದ ಔಷಧಿಯ ಬಾಟಲಿ ತಂದರು. ಅಪ್ಪ ಬಂಕಾಪುರದ ಕೋಟೆಗೆ ಹೋಗಿ, ಉದುರಿದ ನವಿಲುಗರಿ ಆರಿಸಿಕೊಂಡು ಬಂದ. ಆಯಿ ಅದನ್ನು ಸುಟ್ಟು ಜೇನಿನಲ್ಲಿ ತೇಯ್ದು ನೆಕ್ಕಿಸಿದಳು. ಕತ್ತೆಯ ಹಾಲೂ ಆಯಿತು. ಮಠದಿಂದ ವಿಭೂತಿಯೂ ಬಂತು.

ಯಾಕೆ ಕೆಮ್ಮು ಬಂತೆಂದು ಆ ಮನೆಯಲ್ಲಿ ನನಗೊಬ್ಬಳಿಗೇ ಗೊತ್ತಿತ್ತು. ನಾನು ಹೇಳಿದರೆ ಅದು ನಿಲ್ಲುತ್ತದೆ ಎಂಬುದೂ ಗೊತ್ತಿತ್ತು. ಹೇಳಿದರೆ ನಾನು ಕೆರೆಯ ದಂಡೆಗೆ ಹೋಗಿ ಕೂಡಬೇಕು. ಹೀಗೆ ಲೆಕ್ಕ ನೇರವಾಗಿತ್ತು: ತಮ್ಮ, ಇಲ್ಲ ನಾನು. ಮುಂಜಾನೆ ಎದ್ದು, ಇವತ್ತು ಹೇಳುತ್ತೇನೆ ಅಂದುಕೊಳ್ಳುತ್ತಿದ್ದೆ. ಅವ್ವನ ಹತ್ತಿರ ಹೋಗಿ ನಿಲ್ಲುತ್ತಿದ್ದೆ. ಏನ ಅಂದರೆ ಏನಿಲ್ಲ ಅನ್ನುತ್ತಿದ್ದೆ. ಒಂದು ದಿನ ದೇವರ ಜೊತೆ ಚೌಕಾಶಿ ಮಾಡಿದೆ: ಇವತ್ತು ಒಂದು ದಿನ ನೀನು ಕೆಮ್ಮು ನಿಲ್ಲಿಸು, ನಾಳೆ ನಾನು ಹೇಳುತ್ತೇನೆ. ಅವನು ನಿಲ್ಲಿಸಲಿಲ್ಲ, ನಾನು ಹೇಳಲಿಲ್ಲ. ಹನ್ನೊಂದನೆಯ ದಿನ ಮಧ್ಯಾಹ್ನ ಅವ್ವನ ತೊಡೆಯ ಮೇಲೆ ಕೆಮ್ಮುತ್ತಿದ್ದ ಕೂಸು ಉಸಿರು ತಿರುಗಿ ಎಳೆದುಕೊಳ್ಳಲಿಲ್ಲ.

ಮಣ್ಣಿಗೆ ಒಯ್ಯುವ ಮೊದಲು ಅವನನ್ನು ಪಡಸಾಲೆಯಲ್ಲಿ ಮಲಗಿಸಿದ್ದರು. ಎದೆಯ ಮೇಲೆ ಹೊಸ ವಸ್ತ್ರದಲ್ಲಿ ಅವನ ಲಿಂಗ, ತೊಟ್ಟಿಲಿಗೆ ಹಾಕಿದ ದಿನ ಅಯ್ಯನವರು ಕಟ್ಟಿದ್ದು. ನಾನು ಅದನ್ನೇ ನೋಡುತ್ತ ನಿಂತೆ. ತಮ್ಮನ ಹತ್ತಿರ ದೇವರಿದ್ದ, ತಮ್ಮ ಸತ್ತ. ನನ್ನ ಹತ್ತಿರ ಇದ್ದದ್ದು ಗಜ್ಜಗ, ನಾನು ಬದುಕಿದ್ದೆ. ಇದು ಯಾವ ನ್ಯಾಯ ಎಂದು ಆಗಲೇ ಹೊಳೆಯಿತು. ಮುಂದೆ ಎಷ್ಟೋ ಪುರಾಣ ಪ್ರವಚನ ಕೇಳಿದ್ದೇನೆ, ಇದಕ್ಕೆ ಉತ್ತರ ಯಾರೂ ಕೊಟ್ಟಿಲ್ಲ. ಕೊಡುತ್ತೇನೆಂದು ಹೊರಟವರು ಪೂರ್ವಜನ್ಮಕ್ಕೆ ಹೋಗಿ ಕೂತರು.

ಮೂರನೆಯ ದಿನ ಮಠದ ಅಯ್ಯನವರು ಬಂದರು. ಸಾಧು ಮನುಷ್ಯ. ಶಿವ ಕೊಟ್ಟಿದ್ದ, ಶಿವ ಒಯ್ದ, ಅವನ ಅಪ್ಪಣೆ ಇಲ್ಲದೆ ಹುಲ್ಲುಕಡ್ಡಿಯೂ ಅಲುಗಾಡುವುದಿಲ್ಲ ಎಂದು ಎಲ್ಲರಿಗೂ ಹೇಳುವ ಮಾತನ್ನೇ ಹೇಳಿದರು. ಅಪ್ಪ ನೆಲ ನೋಡುತ್ತ ಕುಳಿತಿದ್ದ. ಆಯಿಗೆ ಮಾತ್ರ ಆ ಸಮಾಧಾನ ಸಾಕಾಗಲಿಲ್ಲ.

"ಶಿವಾ ಸುಮ್ ಸುಮ್ಮನ ಒಯ್ಯಾಂವಲ್ರಿ ಅಯ್ಯನವರ. ಈ ಮನ್ಯಾಗ ಯಾರೋ ತಪ್ಪು ಮಾಡ್ಯಾರ. ಅದು ಯಾರು ಅಂತ ನನಗ ಗೊತ್ತಾಗಬೇಕು."

ಆಯಿ ಕೆಟ್ಟವಳಲ್ಲ. ಆ ಮೂರು ದಿನ ಆಕೆಯೂ ಒಂದು ತುತ್ತು ತಿಂದಿರಲಿಲ್ಲ. ಆದರೆ ಎಂಟು ತಿಂಗಳ ಕೂಸನ್ನು ಸುಮ್ಮಸುಮ್ಮನೆ ಒಯ್ಯುವ ಶಿವನನ್ನು ಇಟ್ಟುಕೊಂಡು ಆಕೆ ಬಾಳುವೆ ಮಾಡಲಾರಳು. ಶಿವ ತಪ್ಪಿತಸ್ಥನಾಗಬಾರದು ಎಂದರೆ ಮನೆಯಲ್ಲಿ ಒಬ್ಬರು ಆಗಲೇಬೇಕು. ಎಲ್ಲರೂ ಅವರವರ ಲಿಂಗ ಬಿಚ್ಚಿ ಅಯ್ಯನವರ ಮುಂದೆ ತೋರಿಸಬೇಕು, ಯಾರದ್ದಾದರೂ ಒಡೆದಿದೆಯೋ ಭಿನ್ನವಾಗಿದೆಯೋ ನೋಡಲಿ ಎಂದಳು. ತನ್ನದನ್ನೇ ಮೊದಲು ಬಿಚ್ಚಿ ತೋರಿಸಿದಳು. ಅಪ್ಪ ತೋರಿಸಿದ. ಆಮೇಲೆ ನನ್ನ ಕಡೆ ತಿರುಗಿ, ಬಾ ಎಂದು ಕೈ ಮಾಡಿದಳು.

ನಾನು ಗೋಡೆಯ ಕಡೆ ಸರಿದೆ. ಮೂಲೆಯಲ್ಲಿ ಕಂಬಕ್ಕೆ ಆನಿಕೊಂಡು ಕುಳಿತಿದ್ದ ಅವ್ವ ಆಗ ಎದ್ದಳು. ಮೂರು ದಿನದಲ್ಲಿ ಆಕೆ ಬಾಯಿ ಬಿಟ್ಟದ್ದು ಅದೇ ಮೊದಲು. ಕೊರಳಿನ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹೇಳಿದಳು:

"ತಪ್ಪು ನಂದೈತ್ರಿ ಅತ್ತಿ. ಕೂಸು ಹುಟ್ಟಿದಾಗಿಂದ ಪೂಜಿ ಮಾಡದ ಉಂಡೇನ್ರಿ. ಒಂದು ದಿನ ಅಲ್ಲ, ಭಾಳ ದಿನ."

ಆಮೇಲೆ ಆಯಿ ಬೈದದ್ದನ್ನು ನಾನಿಲ್ಲಿ ಬರೆಯುವುದಿಲ್ಲ. ನನ್ನನ್ನು ಕರೆದದ್ದು ಆಕೆಗೆ ಮರೆತೇ ಹೋಯಿತು. ಅಯ್ಯನವರು ಹೋಗಲಿ ಬಿಡಿ ಎಂದರು, ಯಾರು ಕೇಳುತ್ತಾರೆ? ನನಗೆ ಏನನ್ನಿಸಿತು ಎಂದು ಹೇಳಲು ಈಗಲೂ ನಾಚಿಕೆಯಾಗುತ್ತದೆ. ಹಗುರವೆನಿಸಿತು. ಪಾಪದಲ್ಲಿ ನನಗೊಬ್ಬ ಪಾಲುದಾರಳು ಸಿಕ್ಕಿದ್ದಳು.

ಆಮೇಲೆ ಒಂದು ವಾರಕ್ಕೆ ಸವಣೂರಿನಿಂದ ಸೋದರಮಾವ, ಅವ್ವನ ಅಣ್ಣ, ದುಃಖ ಕೇಳಲು ಬಂದುಹೋದ. ಅವನು ಹೋದ ಮರುದಿನ ಜಳಕವಾದ ಮೇಲೆ ನನ್ನ ವಸ್ತ್ರ ಬಿಚ್ಚಿದರೆ ಒಳಗೆ ಗಜ್ಜಗವಿರಲಿಲ್ಲ. ಲಿಂಗವಿತ್ತು. ಕಪ್ಪಗೆ, ತಣ್ಣಗೆ, ನುಣ್ಣಗೆ. ಅಂಗೈಯಲ್ಲಿಟ್ಟುಕೊಂಡು ಎಷ್ಟು ಹೊತ್ತು ಕುಳಿತೆನೋ. ಬಣವೆಯಲ್ಲಿ ಹೋದವನು ತಾನಾಗಿ ತಿರುಗಿ ಬಂದಿದ್ದ! ಬೇರೆ ಮಕ್ಕಳಾದರೆ ಪವಾಡವೆಂದು ಕುಣಿಯುತ್ತಿದ್ದರೇನೋ. ನನಗೆ ಮೈಯೆಲ್ಲ ಉರಿಯಿತು. ಬರುವವನಿದ್ದರೆ ಎರಡು ವಾರ ಮೊದಲು ಬರಬಹುದಿತ್ತಲ್ಲ, ಕೂಸನ್ನು ಒಯ್ದ ಮೇಲೆ ಏನೂ ಆಗಿಲ್ಲದವನ ಹಾಗೆ ಬಂದು ಕೊರಳಿಗೆ ಬಿದ್ದನಲ್ಲ ಎಂದು ಅವನ ಮೇಲೆ ಹೇಸಿಗೆ ಬಂತು. ಅವನ ಶಕ್ತಿಯ ಬಗ್ಗೆ ಮಾತ್ರ ಅಂದಿನಿಂದ ಸಂಶಯ ಉಳಿಯಲಿಲ್ಲ. ಹೆದರಿಕೊಂಡು ದಿನಾ ಪೂಜೆ ಮಾಡಿದೆ.

ಅವ್ವನ ಬಾಳು ಬೇರೆಯಾಯಿತು. ಆಯಿ ಆಕೆಯ ಕೈಯಲ್ಲಿ ಪ್ರಸಾದದ ಅಡುಗೆ ಮಾಡಿಸುವುದನ್ನು ಬಿಟ್ಟಳು. ಮಠದ ಅಯ್ಯಗಳು ಊಟಕ್ಕೆ ಬಂದರೆ ಅವ್ವ ಹಿತ್ತಲಲ್ಲಿ ಪಾತ್ರೆ ತಿಕ್ಕಬೇಕು, ನೀಡಲು ಪಕ್ಕದ ಮನೆಯವಳು ಬರಬೇಕು. ಓಣಿಯಲ್ಲಿ ಕೂಸನ್ನು ತೊಟ್ಟಿಲಿಗೆ ಹಾಕುವಾಗ ಐದು ಮಂದಿ ಮುತ್ತೈದೆಯರನ್ನು ಕರೆದರೆ ಅವ್ವನನ್ನು ಬಿಟ್ಟು ಕರೆಯುತ್ತಿದ್ದರು. ಆಯಿಗೆ ಮೊಣಕಾಲು ನೋವು ಬಂದರೂ, ಎತ್ತು ಕುಂಟಿದರೂ, ಮಳೆ ತಡವಾದರೂ ಮಾತು ತಿರುಗಿ ಅಲ್ಲಿಗೇ ಬರುತ್ತಿತ್ತು: ಕೂಸು ತಿಂದಾಕಿ. ಅಪ್ಪ ಎದ್ದು ಗದ್ದೆಗೆ ಹೋಗಿಬಿಡುತ್ತಿದ್ದ. ಅವ್ವನಿಗೆ ಆ ಮನೆಯಲ್ಲಿ ದನಿ ಇಲ್ಲದಂತಾಯಿತು. ಮತ್ತೆ ಮಕ್ಕಳೂ ಆಗಲಿಲ್ಲ.

ನಾನು ಏಳನೆಯ ಇಯತ್ತೆಯ ಮುಲ್ಕಿ ಪರೀಕ್ಷೆ ಪಾಸಾದಾಗ ಹದಿಮೂರು ವರ್ಷ. ಶಿಗ್ಗಾವಿಯಲ್ಲಿ ಸೋದರತ್ತೆಯ ಮನೆಯಲ್ಲಿದ್ದು ಮುಂದೆ ಓದಬೇಕೆಂದು ಹಟ ಹಿಡಿದೆ. ಆಯಿ ಬೇಡವೆಂದಳು. ಅಪ್ಪ ಅವ್ವನ ಮುಖ ನೋಡಿದ. ಅವ್ವ ಒಂದು ಮಾತು ಆಡಿದ್ದರೆ ಸಾಕಿತ್ತು, ಆಕೆ ಆಡಲಿಲ್ಲ. ಒಳಗೆ ಹೋಗಿ ರೊಟ್ಟಿ ಬಡಿಯಲು ಕುಳಿತಳು. ನಾನು ಹಿಂದಿನಿಂದ ಹೋಗಿ, ಒಲೆಯ ಮುಂದೆ ನಿಂತು ಹೇಳಿದೆ:

"ಆಯಿ ಅನ್ನೂದು ಖರೇ ಐತಿ. ತಮ್ಮನ್ನ ತಿಂದಾಕಿ ನೀನ."

ಅವ್ವ ಹಿಟ್ಟಿನ ಕೈ ಎತ್ತಿ ನನ್ನನ್ನು ನೋಡಿದಳು. ಬೈಯಲಿಲ್ಲ, ಅಳಲಿಲ್ಲ. ತವೆಯ ಮೇಲಿನ ರೊಟ್ಟಿ ತಿರುವಿ ಹಾಕಿದಳು. ಅಂದವಳಿಗೂ ಗೊತ್ತಿತ್ತು, ತಿಂದವಳು ಯಾರೆಂದು. ಗೊತ್ತಿದ್ದೇ ಅಂದೆ. ಮುಂದೆ ಶಿಗ್ಗಾವಿಗೆ ಹೋದೆ, ಅಪ್ಪನೇ ಒಂದು ದಿನ ಮನಸ್ಸು ಗಟ್ಟಿ ಮಾಡಿ ಕಳಿಸಿದ. ಓದು ಮುಗಿಸಿ, ಹಿರೇಕೆರೂರಿನಲ್ಲಿ ಕನ್ನಡ ಶಾಲೆಯ ಶಿಕ್ಷಕಿಯಾದೆ, ಅಲ್ಲಿಯೇ ಮದುವೆಯಾಯಿತು. ಅತ್ತೆಯ ಮನೆಯಲ್ಲಿ, ಶಾಲೆಯಲ್ಲಿ, ನಡೆದು ಹೋಗುವ ದಾರಿಯಲ್ಲಿ, ಯಾವುದಾದರೂ ಕೂಸು ಕೆಮ್ಮಿದರೆ ಸಾಕು, ನಾನು ಮತ್ತೆ ಅವ್ವನ ಮುಂದೆ ನಿಂತು ಏನಿಲ್ಲ ಅನ್ನುತ್ತಿದ್ದೆ. ಯಾರಿಗೂ ಹೇಳಲಿಲ್ಲ. ಗಂಡನಿಗೂ.

ಅರವತ್ತರ ದಶಕದ ಕೊನೆಗೆ ಚೊಚ್ಚಲ ಹೆರಿಗೆಗೆ ತವರಿಗೆ ಬಂದೆ. ಆಯಿ ಹಿಂದಿನ ವರ್ಷ ತೀರಿಕೊಂಡಿದ್ದಳು. ಹೆಣ್ಣು ಕೂಸು ಹುಟ್ಟಿತು. ತೊಟ್ಟಿಲಿಗೆ ಹಾಕುವ ದಿನ ಮಧ್ಯಾಹ್ನ ಅಯ್ಯನವರು ಬಂದು ಲಿಂಗ ಕಟ್ಟುವುದಿತ್ತು. ಮುಂಜಾನೆ ಅವ್ವ ಬಚ್ಚಲಲ್ಲಿ ಕಾಲು ನೀಡಿ ಕುಳಿತು, ಕಾಲ ಮೇಲೆ ಕೂಸನ್ನು ಬೋರಲು ಹಾಕಿಕೊಂಡು ಎರೆಯುತ್ತಿದ್ದಳು. ನಾನು ಹೊಸ್ತಿಲಲ್ಲಿ ಕುಳಿತು ನೋಡುತ್ತಿದ್ದವಳು, ಕೂಸಿಗೆ ಲಿಂಗ ಕಟ್ಟಿಸುವುದು ಬೇಡ ಎಂದೆ. ಯಾಕ ಅಂದಳು.

"ಕಟ್ಟಿದ್ರ ಏನ್ ಕಾಯ್ತೈತಿ? ತಮ್ಮಗ ಕಟ್ಟಿತ್ತಲ್ಲ."

ಅವ್ವ ತಂಬಿಗೆಯ ನೀರನ್ನು ಮೊಣಕೈಗೆ ಹನಿಸಿ ಬಿಸಿ ನೋಡಿದಳು. ಕೂಸಿನ ಬೆನ್ನಿಗೆ ನೀರು ಹಾಕುತ್ತ, ನನ್ನ ಕಡೆ ನೋಡದೆ, ಸಂತೆಯಲ್ಲಿ ಬದನೆಕಾಯಿ ಚಲೋ ಇರಲಿಲ್ಲ ಅನ್ನುವ ದನಿಯಲ್ಲಿ ಹೇಳಿದಳು:

"ನಿನ್ನ ವಸ್ತ್ರದಾಗ ಗಜ್ಜಗ ಇದ್ದದ್ದು ನನಗ ಗೊತ್ತಿತ್ತು."

ಸಂಕ್ರಾಂತಿಗೆ ನನ್ನ ತಲೆ ಎರೆಯುವಾಗ ಕೊರಳಿಗೆಲ್ಲ ಮಸಿ ಹತ್ತಿದ್ದನ್ನು ನೋಡಿ, ನಾನು ಮಲಗಿದಾಗ ಗಂಟು ಬಿಚ್ಚಿ ನೋಡಿದ್ದಳಂತೆ. ಆಯಿಗೆ ತಿಳಿಯದಂತೆ, ಶಿವರಾತ್ರಿ ಮುಗಿದ ಮೇಲೆ ಸವಣೂರಿಗೆ ಕರೆದೊಯ್ದು ಹೊಸದು ಕಟ್ಟಿಸಬೇಕೆಂದಿದ್ದಳಂತೆ. ಅಷ್ಟರಲ್ಲಿ ಕೆಮ್ಮು ಬಂತು. ಆಮೇಲೆ ತಾನೇ ಅಣ್ಣನ ಕೈಯಲ್ಲಿ ಲಿಂಗ ತರಿಸಿ, ನನ್ನ ವಸ್ತ್ರದಲ್ಲಿ ಇಟ್ಟಿದ್ದಳಂತೆ. ಹನ್ನೆರಡು ವರ್ಷ ನಾನು ಹೆದರಿ ನಡೆದ ಪವಾಡ ಇಷ್ಟೇ. ಹಾಗಾದರೆ ನೀನು ಪೂಜೆ ಮಾಡದೆ ಉಂಡದ್ದು ಎಂದು ಕೇಳಿದೆ.

"ನಾ ಒಂದು ದಿನಾನೂ ಪೂಜಿ ಬಿಟ್ಟಾಕಿ ಅಲ್ಲ. ಹಡೆದ ದಿನ ಸೈತ ಬಿಟ್ಟಿಲ್ಲ. ಒಂದು ಕೂಸು ಹೋಗಿತ್ತು, ನಿಮ್ಮ ಆಯಿ ಇನ್ನೊಂದರ ಕಡೆ ಕೈ ಮಾಡಿದ್ಲು. ಅದಕ್ಕ ಹೇಳಿದೆ."

ಲಿಂಗ ಹಿಡಿದುಕೊಂಡು ಸುಳ್ಳು ಹೇಳಲು ಹೆದರಿಕೆಯಾಗಲಿಲ್ಲವೇ ಎಂದೆ. ಅವನೇನು ಮಾಡುತ್ತಿದ್ದ, ಮಾಡುವುದನ್ನೆಲ್ಲ ಮಾಡಿ ಆಗಿತ್ತಲ್ಲ ಎಂದಳು. ಕೂಸನ್ನು ತಿರುವಿ ಅಂಗಾತ ಹಾಕಿಕೊಂಡಳು. ಅದು ಕಾಲು ಝಾಡಿಸಿ ಅಳತೊಡಗಿತು. ಅದಕ್ಕೆ ನಾಲ್ಕು ಮುದ್ದಿನ ಬೈಗುಳ ಬೈದು, ಆಮೇಲೆ ಹೇಳಿದಳು:

"ಕೆಮ್ಮು ನಿಲ್ಲಸೂದು ಅವನ ಕೈಲೆ ಆಗಲಿಲ್ಲೋ, ಅವಗ ಮನಸ್ಸ ಆಗಲಿಲ್ಲೋ, ನಾ ಕೇಳಿಲ್ಲ. ಕೇಳಿದ್ರ ಮರುದಿನ ಪೂಜಿಗೆ ಕುಂದ್ರಾಕ ಆಗತಿದ್ದಿಲ್ಲ. ಈ ಮನ್ಯಾಗ ನಾ ಕುಂದ್ರತಿದ್ದದ್ದ ಅದೊಂದು ಹೊತ್ತು."

ಅಯ್ಯನವರು ಹೇಳಲಾರದ್ದು ಇದರಲ್ಲಿ ಏನಿದೆ ಎಂದು ಆಮೇಲೆ ಬಹಳ ಸಲ ಯೋಚಿಸಿದ್ದೇನೆ. ಅವ್ವ ಅವನನ್ನು ಕ್ಷಮಿಸಿರಲಿಲ್ಲ, ಅವನ ಪರವಾಗಿ ವಕೀಲಿಯನ್ನೂ ಮಾಡಲಿಲ್ಲ. ಒಂದೇ ಮನೆಯಲ್ಲಿ ಮಾತು ಬಿಟ್ಟು ಬಾಳುವೆ ಮಾಡುವವರು ಇರುತ್ತಾರಲ್ಲ, ಹಾಗೆ ಅವನ ಜೊತೆ ಇದ್ದಳು. ಮಧ್ಯಾಹ್ನ ಕೂಸಿಗೆ ಲಿಂಗ ಕಟ್ಟಿಸಿದೆವು, ನಾನು ಮತ್ತೆ ಬೇಡವೆನ್ನಲಿಲ್ಲ. ಆದರೆ ಆ ಮುಂಜಾನೆ ನನಗೆ ದೇವರ ಚಿಂತೆ ಇರಲಿಲ್ಲ. ಒಲೆಯ ಮುಂದೆ ನಿಂತು ನಾನಾಡಿದ ಮಾತಿನ ಚಿಂತೆ ಇತ್ತು. ಅವತ್ತು ನಾ ಹಂಗ ಅಂದಾಗ ಖರೇ ಸಂಗತಿ ಯಾಕೆ ಹೇಳಲಿಲ್ಲ, ಎರಡು ಏಟಾದರೂ ಹೊಡೆಯಬೇಕಿತ್ತು, ಸುಮ್ಮನೆ ಯಾಕೆ ಕೇಳಿಸಿಕೊಂಡೆ ಎಂದು ಕೇಳಿದೆ. ಕೇಳುವಾಗ ಅಳು ಬಂತು.

ಅವ್ವ ಮೊದಲ ಸಲ ನನ್ನ ಕಡೆ ತಿರುಗಿದಳು. ಆಕೆಯ ಮುಖದಲ್ಲಿ ದುಃಖವಿರಲಿಲ್ಲ. ಏನೋ ಒಂದು ಕೆಲಸ ಚಲೋ ಮಾಡಿ ಮುಗಿಸಿದವರ ಸಮಾಧಾನವಿತ್ತು.

"ನೀ ಅಂದಾಗ ನನಗ ಸಿಟ್ಟ ಬರಲಿಲ್ಲ, ಹಗರಾತು. ತಪ್ಪು ನಂದ ಅಂತ ಹುಡುಗಿ ನಂಬ್ಯಾಳ, ಅಂದಮ್ಯಾಲ ತಪ್ಪು ತನ್ನದು ಅನ್ನೂದು ಆಕಿ ಮನಸಿನಿಂದ ಹೋಗೇತಿ ಅಂತ ತಿಳಕೊಂಡೆ. ಹೋಗಿತ್ತಲ್ಲ?"

ಕೂಸಿನ ಅಳು ನಿಂತಿತ್ತು. ಅವ್ವ ಉತ್ತರಕ್ಕಾಗಿ ನನ್ನ ಮುಖವನ್ನೇ ನೋಡುತ್ತಿದ್ದಳು.

"ಹೂಂ ಅವ್ವ" ಎಂದೆ. "ಆವಾಗ್ಲೇ ಹೋಗಿತ್ತು."